ಲಾರಿ ಗುದ್ದಿ ಗಾಯ ಆದ್ರೆ ಪರಿಹಾರ ಯಾರು ಕೊಡ್ಬೇಕು, ಎಷ್ಟು ಅಂತ ಹೇಗೆ ಲೆಕ್ಕ ಹಾಕ್ತಾರೆ

ನಮಗೆ ತುಂಬಾ ಬೇಕಾದವರೊಬ್ಬರು, ಟೈಲ್ಸ್ ಹಾಕೋ ಕೆಲಸದವರು, ಆಗ ಅವರಿಗೆ 32 ವರ್ಷ. ಬೈಕಲ್ಲಿ ಹೋಗ್ತಿದ್ದಾಗ ಹಿಂದಿಂದ ಬಂದ ಲಾರಿ ತಗುಲಿ ಬಲಗಾಲು ಮಂಡಿ ಕೆಳಗೆ ಎರಡು ಕಡೆ ಮುರೀತು. ಆಪರೇಷನ್ ಆಗಿ ರಾಡ್ ಹಾಕಿ ಮೂರನೇ ದಿನ, ಇನ್ನೂ ಸರಿಯಾಗಿ ಎದ್ದು ಕೂತಿಲ್ಲ, ಲಾರಿ ಓನರ್ ಕಡೆಯೋರು ಇಬ್ಬರು ವಾರ್ಡಿಗೇ ಬಂದ್ರು. ಒಂದು ಕವರಲ್ಲಿ ದುಡ್ಡು, ಇನ್ನೊಂದು ಕೈಯಲ್ಲಿ ಟೈಪ್ ಮಾಡಿಸಿದ ಹಾಳೆ. 'ಆಸ್ಪತ್ರೆ ಖರ್ಚು ನಾವು ನೋಡ್ಕೋತೀವಿ, ಕಂಪ್ಲೇಂಟು ಗಿಂಪ್ಲೇಂಟು ಬೇಡ, ಒಂದು ಸೈನ್ ಹಾಕಿ' ಅಂದ್ರಂತೆ. ಅವರ ಹೆಂಡ್ತಿ ಹೊರಗೆ ಬಂದು ನನಗೆ ಫೋನ್ ಮಾಡಿ 'ಅಣ್ಣಾ, ಸೈನ್ ಹಾಕಿಸ್ಲಾ ಬೇಡ್ವಾ' ಅಂತ ಕೇಳಿದ್ದು ಇವತ್ತಿಗೂ ಕಿವೀಲಿದೆ. ಬೇಡ ಅಂದೆ. ಯಾಕೆ ಬೇಡ ಅಂತ ಆವತ್ತು ಪೂರ್ತಿ ಹೇಳೋಕೆ ಆಗಿರಲಿಲ್ಲ, ಅದನ್ನ ಈಗ ಬಿಡಿಸಿ ಬರೀತಿದೀನಿ, ಯಾಕಂದ್ರೆ ಇಂಥ ಹಾಳೆಗೆ ಹೆಬ್ಬೆಟ್ಟು ಒತ್ತಿ ಆಮೇಲೆ ಜೀವನ ಪೂರ್ತಿ ಕುಂಟಿಕೊಂಡು ಓಡಾಡ್ತಿರೋರನ್ನ ನೋಡಿದೀನಿ.

ಮೊದಲು ದುಡ್ಡು ಯಾರ ಜೇಬಿಂದ ಬರತ್ತೆ ಅನ್ನೋದು. ಜನ ಅನ್ಕೊಳ್ಳೋದು ಡ್ರೈವರ್ ಮೇಲೆ ಕೇಸು, ಪಾಪ ಅವನೇ ಬಡವ, ಅವನಿಂದ ಏನು ವಸೂಲಿ ಮಾಡೋದು ಅಂತ. ಕಾನೂನು ಹಾಗಿಲ್ಲ. ಡ್ರೈವರ್ ಅಜಾಗರೂಕತೆಯಿಂದ ಓಡಿಸಿದ್ರೆ ಅವನನ್ನ ಕೆಲಸಕ್ಕೆ ಇಟ್ಕೊಂಡಿರೋ ಓನರ್ ಹೊಣೆ, ಓನರ್ ಹೊಣೆಯನ್ನ ಹೊತ್ಕೊಳ್ಳೋಕೆ ಇನ್ಶೂರೆನ್ಸ್ ಕಂಪನಿ ಇರತ್ತೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ದೆ ಯಾವ ಗಾಡಿನೂ ರೋಡಿಗೆ ಇಳಿಸೋ ಹಾಗಿಲ್ಲ. ಆ ಥರ್ಡ್ ಪಾರ್ಟಿ ಅನ್ನೋದು ಬೇರೆ ಯಾರೂ ಅಲ್ಲ, ರೋಡಲ್ಲಿ ಹೋಗ್ತಿದ್ದ ನೀವೇ. ಗಾಡಿ, ಸಾಮಾನು ಹಾಳಾದ್ರೆ ಪಾಲಿಸಿಯಲ್ಲಿ ಒಂದು ಮಿತಿ ಇರತ್ತೆ, ಆದ್ರೆ ಮನುಷ್ಯನಿಗೆ ಗಾಯ ಆದ್ರೆ, ಜೀವ ಹೋದ್ರೆ ಇಂತಿಷ್ಟೇ ಅಂತ ಮಿತಿ ಇಲ್ಲ, ಕೋರ್ಟು ಎಷ್ಟು ಅಂತ ತೀರ್ಮಾನ ಮಾಡತ್ತೋ ಅಷ್ಟನ್ನೂ ಕಂಪನಿ ಕಟ್ಬೇಕು. ಹಾಗಾಗಿ ಕೇಸು ಹಾಕಿದ್ರೆ ಡ್ರೈವರ್ ಮನೆ ಮುಳುಗತ್ತೆ ಅನ್ನೋ ಸಂಕಟ ಬೇಡ.

ಓನರ್ ಅಂದ್ರೆ ಆರ್‌ಸಿಯಲ್ಲಿ ಹೆಸರಿರೋನು. ಲಾರಿ ವ್ಯವಹಾರದಲ್ಲಿ ಇದು ದೊಡ್ಡ ತಲೆನೋವು, ಗಾಡಿ ಮಾರಿ ವರ್ಷ ಆಗಿರತ್ತೆ, ಕೈಯಿಂದ ಕೈಗೆ ಮೂರು ಜನಕ್ಕೆ ಹೋಗಿರತ್ತೆ, ಆರ್‌ಸಿ ಮಾತ್ರ ಮೊದಲಿನವನ ಹೆಸರಲ್ಲೇ. 'ನಾನು ಮಾರಿಬಿಟ್ಟಿದೀನಿ ಸ್ವಾಮಿ' ಅಂತ ಅವನು ಅಂದ್ರೆ ನಡಿಯಲ್ಲ, 2018ರಲ್ಲಿ ನವೀನ್ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಹೊಣೆ, ಗಾಯ ಆದವನು ಒಬ್ಬೊಬ್ಬ ಓನರನ್ನ ಹುಡುಕ್ಕೊಂಡು ಅಲೀಬೇಕಾಗಿಲ್ಲ. ಸಾಲ ಕೊಟ್ಟ ಫೈನಾನ್ಸ್ ಕಂಪನಿ ಹೆಸರೂ ಆರ್‌ಸಿಯಲ್ಲಿ ಇರತ್ತೆ, ಅದನ್ನ ನೋಡಿ ಗೊಂದಲ ಮಾಡ್ಕೋಬೇಡಿ, ಸಾಲದ ಗಾಡಿಗೆ ಅದನ್ನ ಇಟ್ಕೊಂಡು ಓಡಿಸ್ತಿರೋನೇ ಓನರ್ ಲೆಕ್ಕ.

ಆಮೇಲೆ ಇನ್ಶೂರೆನ್ಸ್ ಕಂಪನಿ ತಪ್ಪಿಸಿಕೊಳ್ಳೋಕೆ ಹೇಳೋ ನೆಪಗಳು. ಡ್ರೈವರ್‌ಗೆ ಸರಿಯಾದ ಲೈಸೆನ್ಸ್ ಇರ್ಲಿಲ್ಲ, ಪರ್ಮಿಟ್ ಇರ್ಲಿಲ್ಲ, ಎಫ್‌ಸಿ, ಅಂದ್ರೆ ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಫಿಟ್‌ನೆಸ್ ಸರ್ಟಿಫಿಕೇಟು, ಮುಗಿದಿತ್ತು. ಇದು ಕಂಪನಿಗೂ ಓನರ್‌ಗೂ ನಡುವಿನ ಜಗಳ, ಅದರಲ್ಲಿ ಗಾಯಾಳು ಬಲಿ ಆಗಬಾರದು ಅಂತ ಕೋರ್ಟುಗಳು ಒಂದು ದಾರಿ ಮಾಡಿವೆ. ಕಂಪನಿ ಮೊದಲು ಗಾಯಾಳುಗೆ ದುಡ್ಡು ಕೊಟ್ಟುಬಿಡ್ಬೇಕು, ಆಮೇಲೆ ಓನರ್ ಹತ್ರ ವಸೂಲಿ ಮಾಡ್ಕೋಬೇಕು, ವಕೀಲರ ಬಾಯಲ್ಲಿ ಇದು 'ಪೇ ಅಂಡ್ ರಿಕವರಿ'. 2004ರ ಸ್ವರಣ್ ಸಿಂಗ್ ಕೇಸಲ್ಲಿ ಲೈಸೆನ್ಸ್ ವಿಷಯಕ್ಕೆ ಹೀಗೆ ಹೇಳಿದ್ರು, ಓನರ್ ಗೊತ್ತಿದ್ದೂ ತಪ್ಪು ಮಾಡಿದ ಅಂತ ಸಾಬೀತು ಮಾಡೋ ಭಾರ ಕಂಪನಿ ಮೇಲೇ ಹಾಕಿದ್ರು. 2018ರಲ್ಲಿ ಅಮೃತ್ ಪಾಲ್ ಸಿಂಗ್ ಕೇಸಲ್ಲಿ ಲಾರಿಗೆ ಪರ್ಮಿಟ್ಟೇ ಇರ್ಲಿಲ್ಲ, ಅಲ್ಲೂ ಕಂಪನಿ ಮೊದಲು ಕಟ್ಟಲಿ ಅಂತಲೇ ಆಯ್ತು. ಸಣ್ಣ ಗೂಡ್ಸ್ ಗಾಡಿ ಓಡಿಸೋರಿಗೆ ಬರೀ ಎಲ್‌ಎಂವಿ, ಅಂದ್ರೆ ಲಘು ವಾಹನದ, ಲೈಸೆನ್ಸ್ ಇದೆ ಅಂತ ತಕರಾರು ತೆಗೀತಿದ್ರು, ಅದಕ್ಕೂ ತೆರೆ ಬಿದ್ದಿದೆ, 7,500 ಕೆಜಿ ಒಳಗಿನ ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು ಅಂತ 2024ರ ನವೆಂಬರಲ್ಲಿ ಐದು ಜಡ್ಜ್‌ಗಳ ಸಂವಿಧಾನ ಪೀಠ ಹೇಳಿದೆ.

ಆದ್ರೆ ಒಂದು ಕಡೆ ನಿಜವಾಗ್ಲೂ ಕೈ ಕೊಡತ್ತೆ, ಇದನ್ನ ದಯವಿಟ್ಟು ಮನೇಲಿ ಎಲ್ರಿಗೂ ಹೇಳಿ. ಗೂಡ್ಸ್ ಲಾರಿ ಹಿಂದೆ ಹತ್ತಿಕೊಂಡು ಮದುವೆಗೆ, ಜಾತ್ರೆಗೆ, ಕೂಲಿಗೆ ಹೋಗ್ತಾರಲ್ಲ, ಆ ಗಾಡಿ ಪಲ್ಟಿ ಆದ್ರೆ ಹಿಂದೆ ಕೂತಿದ್ದವರಿಗೆ ಆ ಲಾರಿಯ ಇನ್ಶೂರೆನ್ಸ್ ರಕ್ಷಣೆ ಇಲ್ಲ. 2003ರ ಆಶಾ ರಾಣಿ ಕೇಸಿಂದ ಈ ಮಾತು ಗಟ್ಟಿಯಾಗಿ ನಿಂತಿದೆ. ಸಾಮಾನಿನ ಜೊತೆ ಹೋಗ್ತಿದ್ದ ಸಾಮಾನಿನ ಯಜಮಾನ ಅಥವಾ ಅವನು ಕಳಿಸಿದ ಆಳಿಗೆ 1994ರ ತಿದ್ದುಪಡಿಯಿಂದ ರಕ್ಷಣೆ ಇದೆ, ಸುಮ್ನೆ ಲಿಫ್ಟ್ ತಗೊಂಡವರಿಗೆ, ಬಾಡಿಗೆ ಕೊಟ್ಟು ಹತ್ತಿದವರಿಗೆ ಇಲ್ಲ. ಅಂಥವರು ಓನರ್ ಮೇಲೆ ಕೇಸು ಹಾಕಬಹುದು, ಆದ್ರೆ ಓನರ್ ಹತ್ರ ಏನಿದೆಯೋ ಅಷ್ಟೇ. ಕೆಲವು ಸಲ ಕೋರ್ಟು ಮರುಕಪಟ್ಟು ಕಂಪನಿಗೆ ಮೊದಲು ಕಟ್ಟೋಕೆ ಹೇಳಿದ್ದೂ ಇದೆ, ಅದನ್ನ ನಂಬ್ಕೊಂಡು ಕೂರೋ ಹಾಗಿಲ್ಲ. ಇನ್ನು ಆ ಲಾರಿಯ ಡ್ರೈವರ್, ಕ್ಲೀನರ್‌ಗೇ ಏಟಾದ್ರೆ ಮೊದಲು 1923ರ ನೌಕರರ ಪರಿಹಾರ ಕಾಯ್ದೆ ಇತ್ತು, 2025ರ ನವೆಂಬರಿಂದ ಅದರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಅಲ್ಲಿ ತಪ್ಪು ಯಾರದು ಅನ್ನೋ ಪ್ರಶ್ನೆನೇ ಬರಲ್ಲ, ಕೆಲಸದ ಮೇಲಿದ್ದಾಗ ಆಯ್ತಾ ಅಷ್ಟೇ ಸಾಕು. ಅದೂ ಮೋಟಾರು ವಾಹನ ಕಾಯ್ದೆಯೂ ಎರಡೂ ಅನ್ವಯ ಆಗೋ ಹಾಗಿದ್ರೆ ಒಂದನ್ನ ಮಾತ್ರ ಆರಿಸ್ಕೋಬೇಕು, ಎರಡೂ ಕಡೆ ತಗೊಳ್ಳೋಕೆ ಬರಲ್ಲ.

ಈಗ ಕಾಗದದ ವಿಷಯ, ನನ್ನ ಪ್ರಕಾರ ಅರ್ಧ ಕೇಸು ಇಲ್ಲೇ ಗೆಲ್ಲೋದು ಅಥವಾ ಸೋಲೋದು. ನಮ್ಮ ಟೈಲ್ಸ್ ಕೆಲಸದವರನ್ನ ಆಸ್ಪತ್ರೆಗೆ ಹಾಕಿದ್ದು ದಾರೀಲಿ ಹೋಗ್ತಿದ್ದ ಆಟೋದವರು, ಪುಣ್ಯಾತ್ಮರು. ಕ್ಯಾಶುವಾಲ್ಟಿಯಲ್ಲಿ 'ಏನಾಯ್ತು' ಅಂತ ಕೇಳಿದಾಗ ಅವರು ಕಂಡಷ್ಟು ಹೇಳಿದ್ರು, 'ಬೈಕಿಂದ ಬಿದ್ದಿದ್ರು ಸಾರ್'. ಡ್ಯೂಟಿ ಡಾಕ್ಟ್ರು ಎಂಎಲ್‌ಸಿ ರಿಜಿಸ್ಟರಲ್ಲಿ, ಅಂದ್ರೆ ಪೊಲೀಸ್ ಕೇಸಾಗೋ ಗಾಯಗಳನ್ನ ಆಸ್ಪತ್ರೆಯವರು ಬರ್ಕೊಳ್ಳೋ ಪುಸ್ತಕದಲ್ಲಿ, ಅದನ್ನೇ ಬರ್ಕೊಂಡ್ರು. ಒಂದೇ ಒಂದು ಸಾಲು. ಒಂದು ವರ್ಷ ಆದ್ಮೇಲೆ ಕೋರ್ಟಲ್ಲಿ ಇನ್ಶೂರೆನ್ಸ್ ಕಂಪನಿ ವಕೀಲರು ಆ ಸಾಲನ್ನ ಮೂರು ಸಲ ಓದಿದ್ರು, 'ಇಲ್ಲಿ ಲಾರಿ ಅನ್ನೋ ಪದನೇ ಇಲ್ವಲ್ಲ, ನೀವೇ ಸ್ಕಿಡ್ ಆಗಿ ಬಿದ್ದು ಆಮೇಲೆ ಲಾರಿ ನಂಬರ್ ಸೇರಿಸಿದೀರಿ ಅಲ್ವಾ' ಅಂತ. ಪುಣ್ಯಕ್ಕೆ ಮಾರನೇ ದಿನವೇ ಎಫ್‌ಐಆರ್ ಆಗಿತ್ತು, ಅದರಲ್ಲಿ ಲಾರಿ ನಂಬರ್ ಇತ್ತು, ಬೈಕಿನ ಹಿಂದಿನ ಮಡ್‌ಗಾರ್ಡ್ ಒಳಗೆ ಹೋಗಿರೋದು, ಲಾರಿಯ ಎಡಗಡೆ ಬಂಪರ್ ಉಜ್ಜಿರೋದು ಐಎಂವಿ ರಿಪೋರ್ಟಲ್ಲಿ ಬಂದಿತ್ತು, ಹಾಗಾಗಿ ಉಳ್ಕೊಂಡ್ರು. ಐಎಂವಿ ರಿಪೋರ್ಟು ಅಂದ್ರೆ ಆರ್‌ಟಿಓ ಇನ್ಸ್‌ಪೆಕ್ಟರ್ ಬಂದು ಎರಡೂ ಗಾಡಿ ನೋಡಿ ಎಲ್ಲೆಲ್ಲಿ ಡ್ಯಾಮೇಜ್ ಆಗಿದೆ, ಬ್ರೇಕ್ ಸರಿ ಇತ್ತಾ ಅಂತ ಬರೆಯೋ ರಿಪೋರ್ಟು. ಅದಾಗೋ ಮುಂಚೆ ಬೈಕನ್ನ ರಿಪೇರಿಗೆ ಬಿಡಬೇಡಿ.

ಹಾಗಾಗಿ ಆಸ್ಪತ್ರೆಗೆ ಮೊದಲು ಓಡಿ ಹೋಗೋ ಮನೆಯವರು ಮಾಡ್ಬೇಕಾದ ಮೊದಲ ಕೆಲಸ, ಡಾಕ್ಟ್ರ ಹತ್ರ ಹೋಗಿ ಹೇಗಾಯ್ತು ಅಂತ ಸರಿಯಾಗಿ ಹೇಳಿ ಬರೆಸೋದು, ಗಾಡಿ ನಂಬರ್ ಗೊತ್ತಿದ್ರೆ ಅದನ್ನೂ. ಎಫ್‌ಐಆರ್ ಒಂದೆರಡು ದಿನ ತಡ ಆದ್ರೆ ಕೇಸು ಹೋಯ್ತು ಅಂತ ಹೆದರಬೇಡಿ, ಜೀವ ಉಳಿಸ್ಕೊಳ್ಳೋದು ಮೊದಲು, ಬರೀ ತಡ ಆಯ್ತು ಅನ್ನೋ ಕಾರಣಕ್ಕೆ ಪರಿಹಾರ ನಿರಾಕರಿಸೋ ಹಾಗಿಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ತಡ ಯಾಕಾಯ್ತು ಅಂತ ಹೇಳೋಕೆ ಬರ್ಬೇಕು ಅಷ್ಟೇ. ಸ್ಪಾಟ್ ಮಹಜರು, ಸ್ಕೆಚ್, ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ ಫಿಲಂ, ಪ್ರತಿ ಮೆಡಿಕಲ್ ಬಿಲ್ಲು ಒರಿಜಿನಲ್, ಎಲ್ಲ ಒಂದು ಫೈಲಲ್ಲಿ. ಮೆಡಿಕಲ್ ಶಾಪಿನ ಬಿಲ್ಲಿನ ಇಂಕು ಆರು ತಿಂಗಳಲ್ಲಿ ಅಳಿಸಿ ಬಿಳಿ ಕಾಗದ ಆಗ್ಬಿಡತ್ತೆ, ಅದಕ್ಕೆ ಅವತ್ತವತ್ತೇ ಝೆರಾಕ್ಸ್ ಮಾಡಿಸಿ ಇಡಿ.

ಲಾರಿ ನಿಲ್ಲಿಸದೆ ಹೋಗಿದ್ರೆ? ಆಗ ಟೈಮ್ ತುಂಬಾ ಮುಖ್ಯ. ಹೈವೇ ಆದ್ರೆ ಮುಂದಿನ ಟೋಲಲ್ಲಿ ಫಾಸ್ಟ್ಯಾಗ್ ದಾಖಲೆ ಇರತ್ತೆ, ಕ್ಯಾಮೆರಾ ಇರತ್ತೆ, ಸಾಮಾನು ತುಂಬಿದ ಲಾರಿಗೆ ಇ-ವೇ ಬಿಲ್ಲಲ್ಲಿ ಗಾಡಿ ನಂಬರ್ ಹಾಕಿರ್ತಾರೆ. ಸಿಸಿಟಿವಿ ರೆಕಾರ್ಡಿಂಗ್ ಮೇಲೆ ಹೊಸ ರೆಕಾರ್ಡಿಂಗ್ ಕೂತ್ಕೊಂಡು ಹಳೇದು ಅಳಿಸಿ ಹೋಗತ್ತೆ, ಹಾಗಾಗಿ ಮೊದಲ ವಾರದಲ್ಲೇ ತನಿಖೆ ಮಾಡೋ ಸಬ್‌ಇನ್ಸ್‌ಪೆಕ್ಟರಿಗೆ ಇದನ್ನೆಲ್ಲ ತೆಗೆಸಿ ಅಂತ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಏನು ಮಾಡಿದ್ರೂ ಗಾಡಿ ಸಿಗ್ಲಿಲ್ಲ ಅಂದ್ರೆ ಹಿಟ್ ಅಂಡ್ ರನ್ ಸ್ಕೀಮ್ ಇದೆ, 2022ರ ಏಪ್ರಿಲ್ 1ರಿಂದ ಜೀವ ಹೋದ್ರೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ. ಅರ್ಜಿ ಹೋಗೋದು ಉಪವಿಭಾಗಾಧಿಕಾರಿ ಅಥವಾ ತಹಶೀಲ್ದಾರ್ ಆಫೀಸಿಗೆ. ಕಮ್ಮಿನೇ, ಆದ್ರೂ ಎಷ್ಟೋ ಜನಕ್ಕೆ ಇದು ಇದೆ ಅಂತಲೇ ಗೊತ್ತಿಲ್ದೆ ಬಿಟ್ಟುಬಿಡ್ತಾರೆ. ಅದೇ ರೀತಿ ಆಸ್ಪತ್ರೆ ಖರ್ಚಿಗೆ 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಗದುರಹಿತ ಚಿಕಿತ್ಸೆಯ ಸ್ಕೀಮ್ ತಂದಿದೆ, ಅಪಘಾತ ಆದ ದಿನದಿಂದ 7 ದಿನದವರೆಗೆ ಒಬ್ಬರಿಗೆ 1.5 ಲಕ್ಷದವರೆಗೆ, ಸ್ಕೀಮಿಗೆ ಸೇರಿದ ಆಸ್ಪತ್ರೆ ಆಗಿರ್ಬೇಕು. ಅಡ್ಮಿಟ್ ಮಾಡೋವಾಗ್ಲೇ ಬಾಯಿ ಬಿಟ್ಟು ಕೇಳಿ.

ಪೊಲೀಸರಿಗೂ ಈಗ ಗಡುವು ಇದೆ. 2022ರ ರೂಲ್ಸ್ ಪ್ರಕಾರ ಅಪಘಾತ ಆದ 48 ಗಂಟೆ ಒಳಗೆ ಮೊದಲ ವರದಿ, 50 ದಿನದೊಳಗೆ ಮಧ್ಯಂತರ ವರದಿ, 90 ದಿನದೊಳಗೆ ಪೂರ್ತಿ ವಿವರದ ವರದಿ, ಪರಿಹಾರದ ಕೇಸು ನೋಡೋ ಟ್ರಿಬ್ಯೂನಲ್‌ಗೆ ಹೋಗ್ಬೇಕು, ಆ ಕೊನೇ ವರದಿಯನ್ನೇ ಟ್ರಿಬ್ಯೂನಲ್ ಕ್ಲೈಮ್ ಅರ್ಜಿ ಅಂತ ತಗೊಳ್ಳಬಹುದು. ಇದನ್ನ ಎಲ್ಲ ಕಡೆ ಪಾಲಿಸ್ಬೇಕು ಅಂತ 2022ರ ಡಿಸೆಂಬರಲ್ಲಿ ಗೋಹರ್ ಮೊಹಮ್ಮದ್ ಕೇಸಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನವೂ ಕೊಟ್ಟಿದೆ. ಆದ್ರೂ ಅದನ್ನ ನಂಬಿ ಕೈ ಕಟ್ಕೊಂಡು ಕೂರಬೇಡಿ, ನಿಮ್ಮ ಅರ್ಜಿ ನೀವು ಹಾಕಿ. ಅದಕ್ಕೆ 6 ತಿಂಗಳ ಗಡುವಿದೆ. 1994ರಿಂದ ಗಡುವೇ ಇರ್ಲಿಲ್ಲ, 2019ರ ತಿದ್ದುಪಡಿಯಲ್ಲಿ ಸೇರಿಸಿದ್ರು, 2022ರ ಏಪ್ರಿಲ್ 1ರಿಂದ ಜಾರಿ. ಇದು ಅನ್ಯಾಯ ಅಂತ ಸುಪ್ರೀಂ ಕೋರ್ಟಲ್ಲಿ ಪ್ರಶ್ನೆ ಮಾಡಿದಾರೆ, 2025ರ ನವೆಂಬರಲ್ಲಿ ಕೋರ್ಟು ಮಧ್ಯಂತರ ಆದೇಶ ಕೊಟ್ಟು ಆ ಅರ್ಜಿಗಳು ಬಾಕಿ ಇರೋವರೆಗೆ ತಡ ಆಯ್ತು ಅನ್ನೋ ಒಂದೇ ಕಾರಣಕ್ಕೆ ಕ್ಲೈಮ್ ವಜಾ ಮಾಡಬೇಡಿ ಅಂದಿದೆ. ಮಧ್ಯಂತರ ಆದೇಶ ನಾಳೆ ಬದಲಾಗ್ಬಹುದು. ಹಾಗಾಗಿ ಕಾಲು ಇನ್ನೂ ವಾಸಿ ಆಗಿಲ್ಲ, ಇನ್ನೊಂದು ಆಪರೇಷನ್ ಬಾಕಿ ಇದೆ ಅಂತ ಕಾಯಬೇಡಿ, ಅರ್ಜಿ ಮೊದಲು ಹಾಕಿಬಿಡಿ, ಮುಂದಿನ ಬಿಲ್ಲುಗಳನ್ನ ಆಮೇಲೆ ಸೇರಿಸ್ಬಹುದು.

ಅರ್ಜಿ ಎಲ್ಲಿ ಅಂದ್ರೆ ಮೋಟಾರು ಅಪಘಾತ ಪರಿಹಾರ ಟ್ರಿಬ್ಯೂನಲ್ಲಲ್ಲಿ. ಬೆಂಗಳೂರಲ್ಲಿ ಸ್ಮಾಲ್ ಕಾಸಸ್ ಕೋರ್ಟಿನ ಜಡ್ಜ್‌ಗಳೇ ಇದನ್ನ ನೋಡ್ತಾರೆ, ಬೇರೆ ಊರುಗಳಲ್ಲಿ ಹೆಚ್ಚಾಗಿ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟು, ನಿಮ್ಮ ಕೇಸಿಗೆ ಒಂದು ಎಂವಿಸಿ ನಂಬರ್, ಅಂದ್ರೆ ಮೋಟಾರು ವಾಹನ ಕೇಸಿನ ನಂಬರ್, ಬೀಳತ್ತೆ. ಎಲ್ಲೋ ದೂರದಲ್ಲಿ ಅಪಘಾತ ಆಗಿದ್ರೂ ನೀವು ವಾಸ ಇರೋ ಊರಲ್ಲೇ ಹಾಕ್ಬಹುದು.

ಟ್ರಿಬ್ಯೂನಲ್ಲಲ್ಲಿ ಮೊದಲ ಪ್ರಶ್ನೆ ತಪ್ಪು ಯಾರದು ಅನ್ನೋದು. ಇಲ್ಲಿ ಕ್ರಿಮಿನಲ್ ಕೇಸಿನ ಹಾಗೆ ಅನುಮಾನಕ್ಕೆ ಎಡೆ ಇಲ್ದೆ ಸಾಬೀತು ಮಾಡ್ಬೇಕಾಗಿಲ್ಲ, ಎರಡು ಕಡೆ ಮಾತು ತೂಗಿ ನೋಡಿದ್ರೆ ಹೀಗಾಗಿರೋದೇ ಹೆಚ್ಚು ಸಾಧ್ಯ ಅನ್ನಿಸಿದ್ರೆ ಸಾಕು. ಅತ್ತ ಕ್ರಿಮಿನಲ್ ಕೋರ್ಟಲ್ಲಿ ಡ್ರೈವರ್ ಬಿಡುಗಡೆ ಆದ್ರೂ ಇಲ್ಲಿ ಕ್ಲೈಮ್ ನಿಲ್ಲತ್ತೆ. ಎಷ್ಟೋ ಜನ 'ನಾನೇ ಹೋಗಿ ಹಿಂದಿಂದ ಗುದ್ದಿದ್ದು, ನನಗೇನು ಸಿಗತ್ತೆ' ಅಂತಾರೆ. ರಾತ್ರಿ ಹೈವೇಲಿ ಇಂಡಿಕೇಟರ್ ಇಲ್ದೆ, ಪಾರ್ಕಿಂಗ್ ಲೈಟ್ ಇಲ್ದೆ, ಒಂದು ಕಲ್ಲೋ ಸೊಪ್ಪೋ ಇಟ್ಟು ನಿಲ್ಲಿಸಿದ ಲಾರಿ ನೆನಪಿಸ್ಕೊಳ್ಳಿ. 2024ರಲ್ಲಿ ಸುಷ್ಮಾ ಅನ್ನೋರ ಕೇಸಲ್ಲಿ ಹೀಗೆ ರೋಡ್ ಮಧ್ಯ ಲೈಟಿಲ್ದೆ ನಿಂತ ಲಾರಿಗೆ ಕಾರು ಗುದ್ದಿತ್ತು, ಕೆಳಗಿನ ಕೋರ್ಟುಗಳು ಕಾರಿನವರದ್ದೂ ಪಾಲಿದೆ ಅಂದಿದ್ವು, ಸುಪ್ರೀಂ ಕೋರ್ಟ್ ಪೂರ್ತಿ ಹೊಣೆ ಲಾರಿಯವರದ್ದೇ ಅಂತು. ಅದಕ್ಕೆ ಮಹಜರಲ್ಲಿ ಲಾರಿ ಎಲ್ಲಿ ನಿಂತಿತ್ತು, ರಿಫ್ಲೆಕ್ಟರ್ ಟೇಪ್ ಇತ್ತಾ, ಬೀದಿ ದೀಪ ಇತ್ತಾ ಅನ್ನೋದು ಬರೋ ಹಾಗೆ ನೋಡ್ಕೊಳ್ಳಿ. ನಿಮ್ಮದೂ ಸ್ವಲ್ಪ ತಪ್ಪಿದ್ರೆ ಆ ಪಾಲಿನಷ್ಟು ಕಳೀತಾರೆ, ಪೂರ್ತಿ ಹೋಗಲ್ಲ. ಲಾರಿ ಮತ್ತು ಬಸ್ಸು ಇಬ್ಬರ ತಪ್ಪಿಂದ ಮಧ್ಯದಲ್ಲಿದ್ದ ನಿಮಗೆ ಏಟಾದ್ರೆ ಇಬ್ಬರಲ್ಲಿ ಯಾರ ಹತ್ರ ಬೇಕಾದ್ರೂ ಪೂರ್ತಿ ದುಡ್ಡು ಕೇಳ್ಬಹುದು, ಅವರವರಲ್ಲಿ ಹಂಚ್ಕೊಳ್ಳೋದು ಅವರ ತಾಪತ್ರಯ, 2015ರ ಖೆನ್ಯೇಯಿ ತೀರ್ಪು ಅದನ್ನೇ ಹೇಳೋದು.

ತಪ್ಪು ಯಾರದು ಅಂತ ನೋಡದೇನೇ ಕೊಡೋ ಪರಿಹಾರವೂ ಇದೆ, ಅದೇ ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್, ತೀವ್ರ ಗಾಯಕ್ಕೆ 2.5 ಲಕ್ಷ, ಜೀವ ಹೋದ್ರೆ 5 ಲಕ್ಷ. ಕೇಳೋಕೆ ಸುಲಭ, ಬೇಗ ಕೈಗೆ ಬರತ್ತೆ ಅನ್ಸತ್ತೆ. ಆದ್ರೆ ಇನ್ಶೂರೆನ್ಸ್ ಕಂಪನಿಯ ರಾಜಿ ಪ್ರಕ್ರಿಯೆಯಲ್ಲಿ ಇದನ್ನ ಒಪ್ಕೊಂಡ್ರೆ ಟ್ರಿಬ್ಯೂನಲ್ಲಲ್ಲಿರೋ ನಿಮ್ಮ ಕ್ಲೈಮ್ ಅರ್ಜಿ ಅಲ್ಲಿಗೇ ರದ್ದು, ಇದು 166ನೇ ಸೆಕ್ಷನ್ನಲ್ಲೇ ಬರೆದಿದೆ. ಮುಂದೆ 15 ಲಕ್ಷ ಬರಬಹುದಾಗಿದ್ದ ಕೇಸನ್ನ 2.5 ಲಕ್ಷಕ್ಕೆ ಮುಗಿಸಿಕೊಂಡ ಹಾಗೆ ಆಗಬಾರದು.

15 ಲಕ್ಷ ಎಲ್ಲಿಂದ ಬಂತು ಅಂದ್ರಾ, ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನಾನು ಇದನ್ನೆಲ್ಲ ಬರೆಯೋಕೆ ಕೂತಿದ್ದೇ ಇದಕ್ಕೆ. ಪರಿಹಾರ ಅಂದ್ರೆ ಆಸ್ಪತ್ರೆ ಬಿಲ್ಲು ಅಷ್ಟೇ ಅಂತ ಜನ ಅನ್ಕೊಂಡಿದಾರೆ. ಬಿಲ್ಲು ಒಂದು ಭಾಗ. ನೋವಿಗೆ, ಮಲಗಿದ್ದ ತಿಂಗಳುಗಳ ಸಂಪಾದನೆಗೆ, ನೋಡ್ಕೊಂಡವರಿಗೆ, ಓಡಾಟ ಊಟಕ್ಕೆ, ಮುಂದೆ ರಾಡ್ ತೆಗೆಸೋ ಆಪರೇಷನ್‌ಗೆ, ಮೊದಲಿನ ಹಾಗೆ ಬದುಕೋಕೆ ಆಗ್ದೇ ಇರೋದಕ್ಕೆ, ಒಂದೊಂದಕ್ಕೂ ಬೇರೆ ಬೇರೆ ಹಾಕ್ತಾರೆ. ಇವೆಲ್ಲಕ್ಕಿಂತ ದೊಡ್ಡದು ಮುಂದಿನ ದುಡಿಮೆಯ ನಷ್ಟ. ಅದರ ಲೆಕ್ಕ ಹೀಗೆ. ತಿಂಗಳಿಗೆ 20,000 ದುಡೀತಿದ್ದ 32 ವರ್ಷದ ಸ್ವಂತ ಕೆಲಸದವರು ಅಂತಿಟ್ಕೊಳ್ಳಿ. ಮುಂದೆ ಅವರ ಸಂಪಾದನೆ ಏರ್ತಿತ್ತು ಅಂತ 40 ವರ್ಷದೊಳಗಿನ ಸ್ವಂತ ಉದ್ಯೋಗದವರಿಗೆ ಶೇ. 40 ಸೇರಿಸ್ಬೇಕು ಅಂತ 2017ರ ಪ್ರಣಯ್ ಸೇಥಿ ತೀರ್ಪು ಹೇಳತ್ತೆ, ಜೀವ ಹೋದವರಿಗೆ ಮಾತ್ರ ಅಲ್ಲ, ಗಾಯದಿಂದ ಶಾಶ್ವತವಾಗಿ ಊನ ಆದವರಿಗೂ ಅದು ಸಲ್ಲಬೇಕು ಅಂತ 2020ರಲ್ಲಿ ಪಪ್ಪು ದೇವ್ ಯಾದವ್ ಕೇಸಲ್ಲಿ ಆಯ್ತು. ಅಲ್ಲಿಗೆ 28,000. ವರ್ಷಕ್ಕೆ 3,36,000. ಇದನ್ನ ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸ್ತಾರೆ, 2009ರ ಸರಳಾ ವರ್ಮಾ ತೀರ್ಪಿನ ಟೇಬಲ್ ಅದು, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, 36ರಿಂದ 40ಕ್ಕೆ 15, ಹೀಗೆ ವಯಸ್ಸು ಏರ್ತಾ ಇಳೀತಾ ಹೋಗತ್ತೆ. ನಮ್ಮ ಲೆಕ್ಕಕ್ಕೆ 16. ಗುಣಿಸಿದ್ರೆ 53,76,000. ಕೊನೇಲಿ ಇದರಲ್ಲಿ ನಿಮ್ಮ ದುಡಿಯೋ ಶಕ್ತಿ ಶೇಕಡಾ ಎಷ್ಟು ಹೋಯ್ತು ಅಂತ ನೋಡಿ ಅಷ್ಟನ್ನ ಕೊಡ್ತಾರೆ.

ಆ ಶೇಕಡಾ ಎಷ್ಟು ಅನ್ನೋದರಲ್ಲೇ ಇಡೀ ಯುದ್ಧ ಇರೋದು. ಡಾಕ್ಟ್ರು ಸರ್ಟಿಫಿಕೇಟಲ್ಲಿ ಬಲಗಾಲಿಗೆ ಶೇ. 36 ಅಂತ ಬರೀತಾರೆ. ಅದು ಕಾಲಿಗೆ ಮಾತ್ರ, ಇಡೀ ದೇಹಕ್ಕೆ ಅಂತ ತಗೊಳ್ಳೋವಾಗ ಎಷ್ಟೋ ಸಲ ಅದರ ಮೂರನೇ ಒಂದು ಭಾಗ ಹಿಡೀತಾರೆ, ಅಂದ್ರೆ 12. ಶೇ. 12 ಆದ್ರೆ ಮೇಲಿನ ಲೆಕ್ಕದಲ್ಲಿ 6,45,120 ರೂಪಾಯಿ. ಶೇ. 30 ಆದ್ರೆ 16,12,800. ಅದೇ ಕಾಲು, ಅದೇ ಮುರಿತ, ಅದೇ ಸರ್ಟಿಫಿಕೇಟು. ವ್ಯತ್ಯಾಸ ಎಲ್ಲಿಂದ ಅಂದ್ರೆ 2011ರ ರಾಜ್ ಕುಮಾರ್ ತೀರ್ಪಿಂದ. ಡಾಕ್ಟ್ರು ಹೇಳೋ ಶೇಕಡಾ ಬೇರೆ, ದುಡಿಮೆಗೆ ಆದ ನಷ್ಟದ ಶೇಕಡಾ ಬೇರೆ, ಎರಡನೇದನ್ನ ಟ್ರಿಬ್ಯೂನಲ್ಲೇ ಆ ಮನುಷ್ಯನ ಕೆಲಸ ನೋಡಿ ತೀರ್ಮಾನ ಮಾಡ್ಬೇಕು ಅಂತ ಅದು ಹೇಳತ್ತೆ. ಅಲ್ಲಿ ಕೊಟ್ಟ ಉದಾಹರಣೆ ಎಡಗೈ ಹೋದವರದ್ದು, ಡ್ರೈವರ್ ಅಥವಾ ಬಡಗಿಯ ಎಡಗೈ ಹೋದ್ರೆ ದುಡಿಮೆ ಹೆಚ್ಚುಕಮ್ಮಿ ಪೂರ್ತಿ ಹೋದ ಹಾಗೆ, ಅದೇ ಸರ್ಕಾರಿ ಗುಮಾಸ್ತರಿಗೆ ಕೆಲಸ ಉಳಿದ್ರೆ ಸಂಬಳ ಹಾಗೇ ಬರತ್ತೆ.

ನಮ್ಮವರ ಕೇಸಲ್ಲಿ ಇದು ಕಣ್ಣೆದುರಿಗೇ ನಡೀತು. ಪಾಟೀ ಸವಾಲಲ್ಲಿ ಕಂಪನಿ ವಕೀಲರು ಕೇಳಿದ್ರು, 'ಈಗ ಕೋಲಿಲ್ದೆ ನಡೀತೀರಲ್ಲ?' 'ಹೌದು ಸಾರ್, ನಡೀತೀನಿ.' 'ಕೋರ್ಟಿಗೂ ಮೆಟ್ಟಿಲು ಹತ್ತಿಕೊಂಡೇ ಬಂದ್ರಲ್ಲ?' 'ಹೌದು ಸಾರ್.' ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಅಂದ್ರು, 'ಆದ್ರೆ ಕುಕ್ಕರಗಾಲಲ್ಲಿ ಕೂರೋಕಾಗಲ್ಲ ಸಾರ್, ಟೈಲ್ಸ್ ಕೆಲಸ ಪೂರ್ತಿ ಕುಕ್ಕರಗಾಲಲ್ಲೇ.' ಜಡ್ಜ್ ತಲೆ ಎತ್ತಿ ನೋಡಿದ್ರು, ಆ ಮಾತನ್ನ ಹಾಗೇ ರೆಕಾರ್ಡ್ ಮಾಡಿಸಿದ್ರು. ಮಂಡಿ ಎಷ್ಟು ಡಿಗ್ರಿ ಮಡಚತ್ತೆ ಅಂತ ಡಾಕ್ಟ್ರು ಸಾಕ್ಷಿ ಹೇಳಿದಾಗ ಈ ಮಾತಿಗೆ ಬಲ ಬಂತು. ಟೈಲ್ಸ್ ಮೇಸ್ತ್ರಿ ಬಂದು 'ಈಗ ಇವರನ್ನ ಕರೆಯೋಕಾಗಲ್ಲ, ಗೋಡೆ ಕೆಲಸ ಇದ್ದಾಗ ಮಾತ್ರ ಕರೀತೀನಿ' ಅಂದ್ರು. ಹಾಗಾಗಿ ನಿಮ್ಮ ವಕೀಲರ ಹತ್ರ ಕೂತಾಗ ಎಷ್ಟು ನೋವಾಯ್ತು ಅಂತ ಹೇಳೋದರ ಜೊತೆಗೆ ನಿಮ್ಮ ಕೆಲಸದಲ್ಲಿ ಬೆಳಗ್ಗೆಯಿಂದ ಸಂಜೆವರೆಗೆ ದೇಹ ಏನೇನು ಮಾಡ್ಬೇಕು, ಅದರಲ್ಲಿ ಈಗ ಯಾವುದು ಆಗಲ್ಲ ಅನ್ನೋದನ್ನ ಬಿಡಿಸಿ ಹೇಳಿ. ಹೂ ಕಟ್ಟೋರಿಗೆ ಎರಡು ಬೆರಳು ಮಡಚದೇ ಇರೋದು, ಗದ್ದೆ ಕೆಲಸದವರಿಗೆ ಸೊಂಟ ಬಗ್ಗದೇ ಇರೋದು, ಆಟೋ ಓಡಿಸೋರಿಗೆ ಒಂದು ಕಣ್ಣು ಮಂಜಾಗೋದು, ಇದು ಸರ್ಟಿಫಿಕೇಟಿನ ನಂಬರಲ್ಲಿ ಕಾಣಲ್ಲ.

ಸಂಪಾದನೆ ತೋರಿಸೋದು ಇನ್ನೊಂದು ಕಷ್ಟ, ಕೂಲಿಯವರ ಹತ್ರ ಸ್ಯಾಲರಿ ಸ್ಲಿಪ್ ಎಲ್ಲಿಂದ ಬರ್ಬೇಕು. ಏನೂ ಇಲ್ಲ ಅಂದ್ರೆ ಒಂದು ಅಂದಾಜು ಆದಾಯ ಹಿಡೀತಾರೆ, ಕರ್ನಾಟಕದಲ್ಲಿ ಕಾನೂನು ಸೇವಾ ಪ್ರಾಧಿಕಾರದ್ದು ವರ್ಷವಾರು ಚಾರ್ಟ್ ಇದೆ, ಅದನ್ನ ಕೋರ್ಟುಗಳು ಬಳಸ್ತಾವೆ. ಆದ್ರೆ ಇವತ್ತು ಮೇಸ್ತ್ರಿಗಳೂ ಫೋನ್‌ಪೇಲೇ ಕೂಲಿ ಹಾಕ್ತಾರಲ್ವಾ, ಆ ಬ್ಯಾಂಕ್ ಸ್ಟೇಟ್‌ಮೆಂಟೇ ಸಾಕ್ಷಿ. ಅಪಘಾತದ ಹಿಂದಿನ ಒಂದು ವರ್ಷದ್ದು ತೆಗೆಸಿ ಇಡಿ. ಇನ್ನು ಹಾಸಿಗೆ ಹಿಡಿದವರ ವಿಷಯ, ಬೆನ್ನುಹುರಿಗೆ, ತಲೆಗೆ ಏಟಾಗಿ ಜೀವನ ಪೂರ್ತಿ ಇನ್ನೊಬ್ಬರು ನೋಡ್ಕೋಬೇಕು ಅಂದ್ರೆ ಆ ನೋಡ್ಕೊಳ್ಳೋ ಖರ್ಚನ್ನೂ ವಯಸ್ಸಿನ ಸಂಖ್ಯೆಯಿಂದ ಗುಣಿಸಿ ಕೊಡ್ಬೇಕು. 2020ರ ಕಾಜಲ್ ಕೇಸಲ್ಲಿ ಟ್ರ್ಯಾಕ್ಟರಲ್ಲಿ ಹೋಗ್ತಿದ್ದ 12 ವರ್ಷದ ಹುಡುಗಿಗೆ ಲಾರಿ ಗುದ್ದಿ ತಲೆಗೆ ಏಟು ಬಿದ್ದಿತ್ತು, ಸುಪ್ರೀಂ ಕೋರ್ಟ್ ಇಬ್ಬರು ಆಯಾಗಳಿಗೆ ತಿಂಗಳಿಗೆ 10,000 ಅಂತ ಹಿಡಿದು 18ರಿಂದ ಗುಣಿಸಿ ಅದೊಂದಕ್ಕೇ 21,60,000 ಕೊಡ್ತು. ಆ ತೀರ್ಪು ಓದಿದಾಗ ನನಗೆ ಕಣ್ಣು ತುಂಬಿ ಬಂತು. ಮನೇಲಿ ಅಮ್ಮನೋ ಹೆಂಡ್ತಿಯೋ ಕೂಲಿ ಇಲ್ದೆ ನೋಡ್ಕೋತಾರೆ ಅಂತ ಅದನ್ನ ಲೆಕ್ಕಕ್ಕೇ ಹಿಡೀದೆ ಬಿಡಬೇಡಿ.

ವಕೀಲರ ವಿಷಯ ಒಂದೆರಡು ಮಾತು. ಒಳ್ಳೆಯವರು ತುಂಬಾ ಜನ ಇದಾರೆ, ಆದ್ರೆ ಆಸ್ಪತ್ರೆ ವಾರ್ಡಿಗೇ ಬಂದು ವಕಾಲತ್ತಿಗೆ ಸೈನ್ ಹಾಕಿಸ್ಕೊಳ್ಳೋ ಏಜೆಂಟ್‌ಗಳಿಂದ ದೂರ ಇರಿ. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಅಂತ ಫೀಸ್ ಮಾತಾಡೋದು ಬಾರ್ ಕೌನ್ಸಿಲ್ ನಿಯಮಕ್ಕೇ ವಿರುದ್ಧ. ಹೆಂಗಸರಿಗೆ, ಎಸ್‌ಸಿ ಎಸ್‌ಟಿಯವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇರ್ಲಿ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗ್ತಾರೆ, ತಾಲೂಕು ಕೋರ್ಟಲ್ಲೇ ಆ ಆಫೀಸಿರತ್ತೆ. ಖಾಲಿ ಹಾಳೆಗೆ, ಖಾಲಿ ಚೆಕ್ಕಿಗೆ ಸೈನ್ ಹಾಕೋದಂತೂ ಯಾರು ಹೇಳಿದ್ರೂ ಬೇಡ.

ಮಧ್ಯದಲ್ಲಿ ಲೋಕ ಅದಾಲತ್‌ಗೆ ಕರೀತಾರೆ. ಅದು ಕೆಟ್ಟದ್ದಲ್ಲ, ಬೇಗ ಮುಗಿಯತ್ತೆ, ಆದ್ರೆ ಅಲ್ಲಿ ಒಪ್ಕೊಂಡ್ರೆ ಮತ್ತೆ ಅಪೀಲಿಲ್ಲ. ಇನ್ನೂ ಆಪರೇಷನ್ ಬಾಕಿ ಇರೋವಾಗ, ಡಾಕ್ಟ್ರ ಸಾಕ್ಷಿ ಆಗೋ ಮುಂಚೆ ಒಪ್ಪಬೇಡಿ, ಮೇಲೆ ಹೇಳಿದ ಲೆಕ್ಕವನ್ನ ಒಂದು ಚೀಟಿ ಮೇಲೆ ನಿಮ್ಮ ಅಂಕಿ ಹಾಕಿ ಮಾಡ್ಕೊಂಡು ಹೋಗಿ, ಕಂಪನಿಯವರು ಹೇಳೋ ಮೊತ್ತ ಅದರ ಹತ್ತಿರ ಇದೆಯಾ ಅಂತ ನೋಡಿ.

ತೀರ್ಪು ಬಂದ್ಮೇಲೆ 30 ದಿನದೊಳಗೆ ಕಂಪನಿ ದುಡ್ಡು ಕಟ್ಬೇಕು, ಬಡ್ಡಿ ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಓಡತ್ತೆ, ಬೇಗ ಅರ್ಜಿ ಹಾಕಿ ಅನ್ನೋದಕ್ಕೆ ಅದೂ ಒಂದು ಕಾರಣ. ಕಮ್ಮಿ ಆಯ್ತು ಅನ್ಸಿದ್ರೆ 90 ದಿನದೊಳಗೆ ಹೈಕೋರ್ಟಿಗೆ ಹೋಗ್ಬಹುದು, ವಿವಾದದ ಮೊತ್ತ 1 ಲಕ್ಷಕ್ಕಿಂತ ಕಮ್ಮಿ ಇದ್ರೆ ಆಗಲ್ಲ. ಬಂದ ದುಡ್ಡಲ್ಲಿ ಒಂದು ಭಾಗವನ್ನ ಕೆಲವು ವರ್ಷಕ್ಕೆ ಎಫ್‌ಡಿ ಇಡಿಸ್ತಾರೆ, ಯಾರೂ ಪುಸಲಾಯಿಸಿ ಕಿತ್ಕೊಳ್ಳದೇ ಇರ್ಲಿ ಅಂತ. ಆದ್ರೆ ಅದು ಕಲ್ಲಲ್ಲಿ ಕೆತ್ತಿದ್ದಲ್ಲ, ನಿಜವಾದ ಅಗತ್ಯ ಇದ್ರೆ ಕಣ್ಮುಚ್ಚಿಕೊಂಡು ದುಡ್ಡು ತಡೆ ಹಿಡೀಬೇಡಿ ಅಂತ 2012ರಲ್ಲಿ ಎ.ವಿ. ಪದ್ಮಾ ಕೇಸಲ್ಲಿ ಸುಪ್ರೀಂ ಕೋರ್ಟೇ ಟ್ರಿಬ್ಯೂನಲ್‌ಗಳಿಗೆ ಹೇಳಿದೆ. ನಮ್ಮವರು ಕುಕ್ಕರಗಾಲಿನ ಕೆಲಸ ಬಿಟ್ಟು ಟೈಲ್ಸ್, ಗ್ರೌಟ್ ಮಾರೋ ಸಣ್ಣ ಅಂಗಡಿ ಇಡೋಣ ಅಂತ ಯೋಚ್ನೆ ಮಾಡಿ, ಅಂಗಡಿ ಬಾಡಿಗೆ ಕರಾರು ಮತ್ತು ಸಾಮಾನಿನ ಕೊಟೇಷನ್ ಎರಡನ್ನೂ ಲಗತ್ತಿಸಿ ಎಫ್‌ಡಿ ಬಿಡಿಸಿ ಕೊಡಿ ಅಂತ ಅದೇ ಕೋರ್ಟಿಗೆ ಒಂದು ಅರ್ಜಿ ಕೊಟ್ರು. ಆ ಸಲ ಅರ್ಜಿಗೆ ಸೈನ್ ಹಾಕೋ ಮುಂಚೆ ಅವರ ಹೆಂಡ್ತಿ ಪ್ರತಿ ಸಾಲನ್ನೂ ಬೆರಳಿಟ್ಟು ಓದಿಸಿ ಕೇಳಿದ್ರು.